ಮೊದಲು ಮದ್ದೋ, ಶಸ್ತ್ರವೋ?

ನಾಲಿಗೆಗೆ ಎಲುಬಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎಲುಬಿಲ್ಲದ್ದರಿಂದಲೇ ಅದು ಎತ್ತ ಬೇಕಾದರೂ ಹೊರಳುತ್ತದೆ, ಆಡಬಾರದ್ದನ್ನೂ ಆಡುತ್ತದೆ ಎಂಬುದು ಆ ಮಾತಿನ ಕುಹಕ. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಎಲುಬಿಲ್ಲದಿರುವುದೇ ಅದರ ಹಿರಿಮೆ. ಬರಿಯ ಮಾಂಸಖಂಡಗಳ ಹೆಣಿಗೆಯಿಂದಾದ ಈ ಅಂಗ ಅನ್ನವನ್ನು ಹಲ್ಲಿನಡಿಗೆ ನೂಕುತ್ತದೆ, ಜಗಿದುದನ್ನು ಗಂಟಲಿಗೆ ಇಳಿಸುತ್ತದೆ, ರುಚಿಯನ್ನು ತಿಳಿಸುತ್ತದೆ, ಉಸಿರನ್ನು ಅಕ್ಷರವಾಗಿಸುತ್ತದೆ. ಇಂಥ ಅಂಗದ ಅಂಚಿನಲ್ಲಿ ಹುಣ್ಣೊಂದು ಎದ್ದು, ಅದು ಕ್ಯಾನ್ಸರೆಂದು ನಿರ್ಧಾರವಾಗಿ, ಅದೂ ಮೂವತ್ತರ ಆಸುಪಾಸಿನ ತರುಣನಿಗೋ ತರುಣಿಗೋ ಬಂದು, "ನಾಲಿಗೆಯ ಒಂದು ಭಾಗವನ್ನು ತೆಗೆಯಬೇಕಾಗುತ್ತದೆ" ಎಂದು ವೈದ್ಯರು ನುಡಿದರೆ, ಆ ಮನೆಯವರ ಎದೆ ನಡುಗುವುದು ಸಹಜವೇ ಸರಿ.

ಆಗ ಬರುವ ಮೊದಲ ಬೇಡಿಕೆ ಬಹುಮಟ್ಟಿಗೆ ಒಂದೇ. "ಸಾರ್, ಕೊಯ್ಯೋದು ಆಮೇಲೆ ನೋಡಿದ್ರಾತು. ಮೊದ್ಲು ಇಂಜೆಕ್ಷನ್ ಕೊಟ್ಟು ನೋಡ್ರಿ" ಎಂದು ದಾವಣಗೆರೆ, ಹರಿಹರದ ಕಡೆಯ ತಾಯಿತಂದೆಗಳು ಕೈಮುಗಿಯುತ್ತಾರೆ. ಶಸ್ತ್ರಕ್ಕೆ ಮುನ್ನ ಕೊಡುವ ಈ ಮದ್ದಿಗೆ ಆಸ್ಪತ್ರೆಯಲ್ಲಿ ಕೀಮೋ ಎನ್ನುತ್ತಾರೆ. ಬೇಡಿಕೆಯಲ್ಲಿ ಅವಿವೇಕವೇನೂ ಇಲ್ಲ. ಗಡ್ಡೆ ಮದ್ದಿನಿಂದ ಕುಗ್ಗುವುದಾದರೆ ಕೊಯ್ಯುವುದೂ ಕಡಿಮೆಯಾದೀತು, ನಾಲಿಗೆ ಉಳಿದೀತು ಎಂಬ ತರ್ಕ ಯಾರಿಗಾದರೂ ಹೊಳೆಯತಕ್ಕದ್ದೇ. ವೈದ್ಯವಿಜ್ಞಾನಿಗಳಿಗೂ ಇದು ಹೊಳೆದು, ಹಲವು ದಶಕಗಳಿಂದ ಅವರು ಅದನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಆ ಪರೀಕ್ಷೆಗಳಿಂದ ತಿಳಿದುಬಂದುದೇನು, ಯಾರಿಗೆ ಈ ಮದ್ದು ಮೊದಲು ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಸೀಮೆಯ ಮಾತು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರು ಬಾಯಿಯದು. ಇದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪು ಮತ್ತು ಅಡಿಕೆ. ಮದ್ಯವೂ ಅದಕ್ಕೆ ಕೈಗೂಡಿಸುತ್ತದೆ. ದಾವಣಗೆರೆ ಜಿಲ್ಲೆಗೆ ಅಡಿಕೆಯ ಸಂಗತಿ ಕೇವಲ ವೈದ್ಯಕೀಯ ವಿಷಯವಲ್ಲ. ಭದ್ರೆಯ ನೀರು ಹರಿದ ಮೇಲೆ ಚನ್ನಗಿರಿಯ ಸುತ್ತಣ ತೋಟಗಳು ಎಷ್ಟೋ ಸಂಸಾರಗಳನ್ನು ಸಾಲದಿಂದ ಎತ್ತಿವೆ, ಮಕ್ಕಳನ್ನು ಓದಿಸಿವೆ. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆಯ ಮಾತು ನಿಶ್ಚಯವಾಗುವುದಿಲ್ಲ. ಆದರೂ ಸತ್ಯವನ್ನು ಹೇಳದೆ ವಿಧಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಮಂಡಲಿ ಹೊಗೆಸೊಪ್ಪು ಸೇರಿದ ತಾಂಬೂಲ ಕ್ಯಾನ್ಸರಿಗೆ ಕಾರಣವೆಂದು 1985ರಲ್ಲೇ ಸಾರಿತ್ತು. ಹೊಗೆಸೊಪ್ಪಿಲ್ಲದ ಅಡಿಕೆಯೂ ಅದೇ ಸಾಲಿಗೆ ಸೇರಿದ್ದೆಂದು 2004ರಲ್ಲಿ ಪ್ರಕಟಿಸಿತು.

ಅಡಿಕೆಯನ್ನು ಸದಾ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬೆಳ್ಳಗಾಗಿ, ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುವ ಒಂದು ರೋಗವುಂಟು. ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಮಹಿಳೆಯರಲ್ಲಿ ಇದನ್ನು ಕಂಡು 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ವರ್ಣಿಸಿದರು. ಮರುವರ್ಷವೇ ಭಾರತದಲ್ಲಿ ಜೋಶಿಯವರು ಇದನ್ನು ಗುರುತಿಸಿದರು. ಆಗ ಅಪರೂಪವೆಂದು ಬಗೆದ ಈ ರೋಗ ಗುಟ್ಕಾ ಚೀಟಿಗಳು ಗೂಡಂಗಡಿಗಳಲ್ಲಿ ತೋರಣದಂತೆ ನೇತಾಡತೊಡಗಿದ ಮೇಲೆ ಹರೆಯದ ಹುಡುಗರಲ್ಲೂ ಸಾಮಾನ್ಯವಾಯಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಅಡಿಕೆಯ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಬಂದು, ಎರಡೂ ಕೊಳ್ಳುವವನ ಅಂಗೈಯಲ್ಲಿ ಒಂದಾದವು. ಬಾಯಿ ಹೀಗೆ ನಾರುಗಟ್ಟಿದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ತಲೆದೋರುತ್ತದೆ. ಬಾಯಿ ತೆರೆಯಲಾರದ್ದರಿಂದ ಒಳಗಿನ ಹುಣ್ಣು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಹಾಗೆಂದು ನಾಲಿಗೆಯ ಕ್ಯಾನ್ಸರ್ ಬಂದ ತರುಣರೆಲ್ಲರೂ ಚಟದವರೆಂದು ಬೆರಳು ತೋರುವುದು ಅನ್ಯಾಯ. ಎಂದೂ ಅಡಿಕೆ ಮುಟ್ಟದ, ಬೀಡಿ ಸೇದದ ಯುವಕಯುವತಿಯರಲ್ಲೂ ನಾಲಿಗೆಯ ಅಂಚಿನಲ್ಲಿ ಈ ರೋಗ ಕಾಣಿಸಿಕೊಳ್ಳುವುದನ್ನು ಜಗತ್ತಿನ ಅನೇಕ ದೇಶಗಳ ವೈದ್ಯರು ದಾಖಲೆ ಮಾಡಿದ್ದಾರೆ. ಅದರ ಕಾರಣ ಇಂದಿಗೂ ಬಗೆಹರಿದಿಲ್ಲ. ಗಂಟಲ ಭಾಗದ ಕ್ಯಾನ್ಸರಿಗೆ ಕಾರಣವೆಂದು ಗೊತ್ತಾಗಿರುವ ಒಂದು ವೈರಾಣುವಿನ ಪಾತ್ರ, ಬಾಯೊಳಗೆ ಚಾಚುವ ಮುನ್ನಾಲಿಗೆಯಲ್ಲಿ ಅತ್ಯಲ್ಪವೆಂದು ಕಂಡುಬಂದಿದೆ. ಎಳೆಯ ವಯಸ್ಸಿನಲ್ಲಿ ಬರುವ ರೋಗ ಹೆಚ್ಚು ಉಗ್ರವೆಂಬ ನಂಬಿಕೆ ಜನರಲ್ಲಿದೆ. ರೋಗದ ಹಂತವನ್ನು ಸರಿದೂಗಿಸಿ ಹೋಲಿಸಿದ ಅಧ್ಯಯನಗಳಲ್ಲಿ ಬಹಳಷ್ಟು ಇದನ್ನು ಸಮರ್ಥಿಸುವುದಿಲ್ಲ. ಆದಕಾರಣ ವಯಸ್ಸು ಚಿಕ್ಕದೆಂಬ ಒಂದೇ ಕಾರಣಕ್ಕೆ ಚಿಕಿತ್ಸೆಯ ಕ್ರಮ ಬದಲಾಗುವುದಿಲ್ಲ. ನಲವತ್ತು ದಾಟದವನಿಗೂ ಅರುವತ್ತು ದಾಟಿದವನಿಗೂ ಕ್ರಮವನ್ನು ಗೊತ್ತುಮಾಡುವುದು ಗಡ್ಡೆಯ ವಿಸ್ತಾರವೇ ಹೊರತು ಜಾತಕವಲ್ಲ.

ಇನ್ನು ಮದ್ದಿನ ಕಥೆ. ಕ್ಯಾನ್ಸರಿಗೆ ಮದ್ದು ಹುಡುಕಿದವರ ಸಾಲಿನಲ್ಲಿ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ಮರೆಯತಕ್ಕದ್ದಲ್ಲ. ಅಮೆರಿಕದಲ್ಲಿ ಅವರ ಪ್ರಯೋಗಶಾಲೆಯಿಂದ ಹೊರಟ ಸಂಯುಕ್ತಗಳಿಂದಲೇ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರನ್ನು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಿದರು. ಆ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಾಯಿಯ ಕ್ಯಾನ್ಸರಿನವರಿಗೆ ಬಳಕೆಯಾಗುವ ಅಗ್ಗದ ಮದ್ದು. 1957ರಲ್ಲಿ ಫ್ಲೂರೊಯುರಾಸಿಲ್ ಬಂದಿತು. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ವಿದ್ಯುತ್ತು ಸೂಕ್ಷ್ಮಾಣುಗಳ ಮೇಲೆ ಏನು ಮಾಡುವುದೆಂದು ಪರೀಕ್ಷಿಸುತ್ತಿದ್ದಾಗ, ತಾನು ಬಳಸಿದ ಪ್ಲಾಟಿನಮ್ ತಂತಿಗಳಿಂದ ಬಿಡುಗಡೆಯಾದ ವಸ್ತುವೇ ಜೀವಕಣಗಳ ವಿಭಜನೆಯನ್ನು ತಡೆಯುತ್ತಿರುವುದನ್ನು ಕಂಡನು. ಅದರಿಂದ ಹುಟ್ಟಿದ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅನಂತರ ಡೋಸಿಟ್ಯಾಕ್ಸೆಲ್ ಇವುಗಳ ಜೊತೆಗೂಡಿತು. ಈ ಮದ್ದುಗಳನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಎರಡು ಅಥವಾ ಮೂರು ಸುತ್ತು ಕೊಡುವುದೇ ಶಸ್ತ್ರಪೂರ್ವ ಕೀಮೋ.

ಈ ಕ್ರಮಕ್ಕೆ ದೊಡ್ಡ ಕೀರ್ತಿ ಬಂದದ್ದು ಧ್ವನಿಪೆಟ್ಟಿಗೆಯ ಕ್ಯಾನ್ಸರಿನಿಂದ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 1991ರಲ್ಲಿ ಪ್ರಕಟವಾಯಿತು. ಮೊದಲು ಮದ್ದು ಕೊಟ್ಟು, ಗಡ್ಡೆ ಕುಗ್ಗಿದವರಿಗೆ ವಿಕಿರಣ ಚಿಕಿತ್ಸೆ ಕೊಟ್ಟಾಗ, ಆ ಪಂಗಡದ 100ಕ್ಕೆ 64 ಮಂದಿಯಲ್ಲಿ ಧ್ವನಿಪೆಟ್ಟಿಗೆ ಉಳಿಯಿತು, ಆಯುಸ್ಸೂ ಕುಗ್ಗಲಿಲ್ಲ. ಹಾಗಾದರೆ ನಾಲಿಗೆಗೂ ಇದೇ ದಾರಿ ಏಕಾಗಬಾರದು? ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ಭೇದವನ್ನು ಗಮನಿಸಬೇಕು. ಧ್ವನಿಪೆಟ್ಟಿಗೆ ಉಳಿದದ್ದು ಮದ್ದೊಂದರಿಂದಲೇ ಅಲ್ಲ, ಅನಂತರದ ವಿಕಿರಣದಿಂದ. ನಮ್ಮ ಜನ 'ಕರೆಂಟು ಕೊಡುವುದು' ಎನ್ನುವ ಆ ವಿಕಿರಣ ಧ್ವನಿಪೆಟ್ಟಿಗೆಯಲ್ಲಿ ಶಸ್ತ್ರದ ಬದಲಿಗೆ ನಿಲ್ಲಬಲ್ಲುದು. ಮುನ್ನಾಲಿಗೆಯಲ್ಲಿ ಅದು ಶಸ್ತ್ರಕ್ಕೆ ಸಮನಾಗಿ ನಿಲ್ಲದು. ದವಡೆಯ ಎಲುಬಿಗೂ ಅದರಿಂದ ಕೇಡುಂಟು. ಆದುದರಿಂದ ನಾಲಿಗೆಯಲ್ಲಿ ಮೂಲಚಿಕಿತ್ಸೆ ಶಸ್ತ್ರವಾಗಿಯೇ ಉಳಿದಿದೆ.

ಬಾಯಿಯ ಕ್ಯಾನ್ಸರಿನಲ್ಲೇ ನಡೆದ ಎರಡು ಪರೀಕ್ಷೆಗಳನ್ನು ಇಲ್ಲಿ ಹೇಳಬೇಕು. ಇಟಲಿಯ ಮಿಲಾನಿನಲ್ಲಿ 195 ರೋಗಿಗಳನ್ನು ಎರಡು ಪಂಗಡವಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಮೂರು ಸುತ್ತು ಮದ್ದು ಕೊಟ್ಟು ಅನಂತರ ಶಸ್ತ್ರಕ್ರಿಯೆ ಮಾಡಿದರು. ಇನ್ನೊಂದಕ್ಕೆ ನೇರವಾಗಿ ಶಸ್ತ್ರಕ್ರಿಯೆ. 2003ರಲ್ಲಿ ಪ್ರಕಟವಾದ ಫಲದಂತೆ ಎರಡೂ ಪಂಗಡಗಳ ಆಯುಸ್ಸು ಸಮವಾಗಿತ್ತು. ಆದರೆ ದವಡೆಯ ಎಲುಬನ್ನು ಕೊಯ್ಯಬೇಕಾದವರ ಪ್ರಮಾಣ 100ಕ್ಕೆ 52ರಿಂದ 31ಕ್ಕೆ ಇಳಿಯಿತು. ವಿಕಿರಣ ಬೇಕಾದವರದು 46ರಿಂದ 33ಕ್ಕೆ. ಹತ್ತು ವರ್ಷಗಳ ಅನಂತರ, 2013ರಲ್ಲಿ, ಚೀನದ ಶಾಂಘೈ ವೈದ್ಯರು 256 ರೋಗಿಗಳ ಮೇಲೆ ಮೂರು ಮದ್ದುಗಳ ಪ್ರಬಲ ಮಿಶ್ರಣವನ್ನು ಹೀಗೆಯೇ ಪರೀಕ್ಷಿಸಿದ ಫಲವನ್ನು ಹೊರಗೆಡಹಿದರು. ಅಲ್ಲಿಯೂ ಇಡೀ ಪಂಗಡದ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮದ್ದಿಗೆ ಗಡ್ಡೆ ಚೆನ್ನಾಗಿ ಮಣಿದವರು ಹೆಚ್ಚು ಕಾಲ ಬದುಕಿದರೆಂಬುದು ನಿಜ. ಆದರೆ ಯಾರ ಗಡ್ಡೆ ಮಣಿಯುವುದೆಂದು ಮೊದಲೇ ಹೇಳುವ ನಂಬಿಗಸ್ತ ಸಾಧನ ವೈದ್ಯರ ಕೈಯಲ್ಲಿ ಇನ್ನೂ ಇಲ್ಲ.

ಗಡ್ಡೆ ಕುಗ್ಗಿದರೂ ಆಯುಸ್ಸು ಏಕೆ ಹೆಚ್ಚುವುದಿಲ್ಲ? ಇಲ್ಲಿಯೇ ಸಾಮಾನ್ಯರು ಎಡವುವುದು. ಬೇಸಗೆಯಲ್ಲಿ ತುಂಗಭದ್ರೆಯ ನೀರು ಇಳಿಯುವುದನ್ನು ಹರಿಹರದವರು ಕಂಡಿದ್ದಾರೆ. ಹೊಳೆ ಬತ್ತುವಾಗ ನೀರೆಲ್ಲ ನಡುವಿಗೆ ಸರಿದು ಒಂದೇ ಸೆಲೆಯಾಗುವುದಿಲ್ಲ. ಮಳಲಿನ ನಡುನಡುವೆ, ದಡದ ಬಂಡೆಗಳ ಸಂದಿನಲ್ಲಿ, ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ಗಡ್ಡೆಯೂ ಮದ್ದಿಗೆ ಕುಗ್ಗುವಾಗ ಹಾಗೆಯೇ. ನಡುವೆ ಕರಗಿ, ಹಳೆಯ ಅಂಚಿನ ಬಳಿ ಕಣ್ಣಿಗೆ ಕಾಣದ ಜೀವಕಣಗಳ ಗುಂಪುಗಳನ್ನು ಬಿಟ್ಟಿರಬಹುದು. ಆದುದರಿಂದ ಎಚ್ಚರವುಳ್ಳ ಶಸ್ತ್ರವೈದ್ಯರು ಮದ್ದು ಕೊಡುವ ಮುನ್ನವೇ ಗಡ್ಡೆಯ ಮೇರೆಯನ್ನು ಗುರುತು ಮಾಡಿಟ್ಟು, ಕುಗ್ಗಿದ ಮೇಲೂ ಹಳೆಯ ಮೇರೆಯನ್ನೇ ಅನುಸರಿಸಿ ಕೊಯ್ಯುತ್ತಾರೆ. ಮದ್ದು ತೆಗೆದುಕೊಂಡರೆ ನಾಲಿಗೆಯನ್ನು ಕಡಿಮೆ ಕೊಯ್ಯುತ್ತಾರೆಂಬ ಭರವಸೆಯನ್ನು ಹೀಗಾಗಿ ಯಾರೂ ಕೊಡಲಾರರು.

ಹಾಗಿದ್ದರೆ ಮದ್ದು ಮೊದಲು ಸಲ್ಲುವ ಸಂದರ್ಭವೇ ಇಲ್ಲವೆ? ಉಂಟು, ಮತ್ತು ಅದು ನಮ್ಮ ದೇಶದಲ್ಲಿ ಅಪರೂಪವೂ ಅಲ್ಲ. ರೋಗ ಶಸ್ತ್ರದ ಕೈಮೀರಿ ಹಬ್ಬಿದಾಗ, ನಾಲಿಗೆಯ ಬುಡಕ್ಕೋ ದವಡೆಯ ಹಿಂದಣ ಗುಳಿಗೋ ಇಳಿದು, ಕೊಯ್ದರೂ ಅಂಚು ಶುದ್ಧವಾಗದೆಂಬ ಭಯವಿದ್ದಾಗ, ಮದ್ದು ಒಂದು ಬಾಗಿಲನ್ನು ತೆರೆಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಶಸ್ತ್ರಕ್ಕೆ ಒಗ್ಗದೆಂದು ಎಣಿಸಿದ್ದ 721 ಬಾಯಿಕ್ಯಾನ್ಸರ್ ರೋಗಿಗಳಿಗೆ ಮೊದಲು ಮದ್ದು ಕೊಟ್ಟ ವೃತ್ತಾಂತವನ್ನು 2014ರಲ್ಲಿ ಪ್ರಕಟಿಸಿದರು. ಅವರಲ್ಲಿ 100ಕ್ಕೆ ಸುಮಾರು 43 ಮಂದಿಯ ಗಡ್ಡೆ ಶಸ್ತ್ರಕ್ಕೆ ನಿಲುಕುವಷ್ಟು ಕುಗ್ಗಿತು. ಶಸ್ತ್ರಕ್ರಿಯೆಗೆ ಒಳಗಾದವರು ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ಕಾಲ ಬದುಕಿದರು. ಮಿಲಾನಿನವರು ಕಂಡಂತೆ ದವಡೆಯ ಎಲುಬನ್ನು ಉಳಿಸಿಕೊಳ್ಳುವ ಉದ್ದೇಶವೂ ಇನ್ನೊಂದು ಸಂದರ್ಭ. ಆಯ್ದ ರೋಗಿಗಳಲ್ಲಿ, ಪಳಗಿದ ಕೈಗಳಲ್ಲಿ ಅದಕ್ಕೆ ಅವಕಾಶವಿದೆ.

ರೋಗಕ್ಕೆ ವಯಸ್ಸಿನ ಭೇದವಿಲ್ಲದಿದ್ದರೂ ಮದ್ದಿನ ವಿಷಯದಲ್ಲಿ ತರುಣರು ಕೇಳಿ ತಿಳಿಯಬೇಕಾದ ಮಾತುಗಳುಂಟು. ಸಿಸ್‌ಪ್ಲಾಟಿನ್ ಮೂತ್ರಪಿಂಡವನ್ನು ಬಾಧಿಸಬಹುದು, ಕಿವಿಯಲ್ಲಿ ಮೊರೆತವೆಬ್ಬಿಸಿ ಕೇಳ್ಮೆಯನ್ನು ತಗ್ಗಿಸಬಹುದು. ಮೂರು ಮದ್ದುಗಳ ಮಿಶ್ರಣದಿಂದ ರಕ್ತದ ಬಿಳಿಕಣಗಳು ಇಳಿದು ಜ್ವರ ಬಂದರೆ ಅದು ಪ್ರಾಣಾಪಾಯದ ಸೂಚನೆ. ಸಂತಾನಶಕ್ತಿಯ ಮೇಲೂ ಇವುಗಳ ಪರಿಣಾಮವಾಗುವ ಸಂಭವವುಂಟು. ಮದ್ದು ಆರಂಭಿಸುವ ಮುನ್ನವೇ ವೀರ್ಯವನ್ನೋ ಅಂಡವನ್ನೋ ಶೀತಲೀಕರಿಸಿ ಕಾದಿಡುವ ವ್ಯವಸ್ಥೆ ಇಂದು ಇದೆ. ಇನ್ನೂ ಮದುವೆಯಾಗದ ಮಗನ ಎದುರು ಈ ಮಾತೆತ್ತಲು ತಂದೆ ಸಂಕೋಚಪಡುತ್ತಾನೆ; ಮಗ ತಂದೆಯ ಎದುರು ಕೇಳಲು ನಾಚುತ್ತಾನೆ. ಈ ಮೌನಕ್ಕೆ ಮುಂದೆ ಪಶ್ಚಾತ್ತಾಪಪಡಬೇಕಾದೀತು. ನಾಚಿಕೆಯನ್ನು ಬದಿಗಿಟ್ಟು ವೈದ್ಯರನ್ನು ಮೊದಲ ದಿನವೇ ಕೇಳತಕ್ಕದ್ದು.

ಎಲ್ಲಕ್ಕಿಂತ ದೊಡ್ಡ ಅಪಾಯ ಮದ್ದಿನ ವಿಷದಲ್ಲಿಲ್ಲ, ಅದರ ಸಿಹಿಯಲ್ಲಿದೆ. ಒಂದೆರಡು ಸುತ್ತು ಆದೊಡನೆ ನೋವು ಇಳಿಯುತ್ತದೆ, ಹುಣ್ಣು ಮಾಯುವಂತೆ ತೋರುತ್ತದೆ, ಅನ್ನ ಸೇರುತ್ತದೆ. ಆಗ ರೋಗಿ, "ಗುಣವಾಯಿತಲ್ಲ, ಇನ್ನು ಕೊಯ್ಯುವುದೇಕೆ?" ಎಂದು ಊರಿಗೆ ಹಿಂದಿರುಗುತ್ತಾನೆ. ಉಳಿದ ಜೀವಕಣಗಳು ಸುಮ್ಮನಿರುವುದಿಲ್ಲ. ತಿಂಗಳುಗಳು ಕಳೆದು ಅವನು ಮತ್ತೆ ಬಂದಾಗ ಕುತ್ತಿಗೆಯಲ್ಲಿ ಗಂಟು ಕಟ್ಟಿರುತ್ತದೆ, ಕೊಯ್ಯಬಹುದಾಗಿದ್ದ ರೋಗ ಕೊಯ್ಯಲಾಗದ್ದಾಗಿರುತ್ತದೆ. ಶಸ್ತ್ರಕ್ಕೆ ದಾರಿ ಮಾಡಿಕೊಡಬೇಕಾದ ಮದ್ದು ಶಸ್ತ್ರದಿಂದ ತಪ್ಪಿಸಿಕೊಳ್ಳುವ ನೆಪವಾದರೆ ಆಗುವ ಅನಾಹುತವಿದು. ಸಣ್ಣ ಗಡ್ಡೆಯಿರುವ ತರುಣನಿಗೆ ನೇರ ಶಸ್ತ್ರವೇ ಪ್ರಾಣ ಉಳಿಸುವ ದಾರಿಯಾಗಿರುವಾಗ, ಹೆದರಿಕೆಯಿಂದ ಮದ್ದನ್ನು ಬೇಡುವುದು ಅಮೂಲ್ಯವಾದ ವಾರಗಳನ್ನು ರೋಗಕ್ಕೆ ದಾನ ಮಾಡಿದಂತೆ. ನಾಲಿಗೆಯ ಕ್ಯಾನ್ಸರು ಕುತ್ತಿಗೆಯ ಗ್ರಂಥಿಗಳಿಗೆ ಬೇಗ ಇಳಿಯುತ್ತದೆಂಬುದನ್ನು ಮರೆಯಬಾರದು. ಆರಂಭದ ಹಂತದಲ್ಲೇ ನಾಲಿಗೆಯ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರೆ ಮೂರು ವರ್ಷಗಳ ಬಳಿಕ 100ಕ್ಕೆ 80 ಮಂದಿ, ಗಂಟು ಕಾಣುವವರೆಗೆ ಕಾದರೆ ಸುಮಾರು 68 ಮಂದಿ ಬದುಕಿರುತ್ತಾರೆಂದು ಟಾಟಾ ಆಸ್ಪತ್ರೆಯ ಬಾಯಿಕ್ಯಾನ್ಸರ್ ಪರೀಕ್ಷೆ 2015ರಲ್ಲಿ ತೋರಿಸಿಕೊಟ್ಟಿತು.

ಹರಿಹರದ ಸ್ಥಳಪುರಾಣ ಇಲ್ಲಿ ನೆನಪಿಗೆ ಬರುತ್ತದೆ. ಗುಹಾಸುರನೆಂಬ ರಾಕ್ಷಸ, ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ತನಗೆ ಸಾವು ಬಾರದಂತೆ ವರ ಪಡೆದಿದ್ದನಂತೆ. ಇಬ್ಬರೂ ಒಂದೇ ದೇಹವಾಗಿ ಬಂದ ಮೇಲೆಯೇ ಅವನು ಮಡಿದನಂತೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿನಲ್ಲಿ ಕಟ್ಟಿಸಿದ ಗುಡಿಯಲ್ಲಿ ಆ ಮೂರ್ತಿಯನ್ನು ಇಂದಿಗೂ ಕಾಣಬಹುದು. ಮುಂದುವರಿದ ಬಾಯಿಕ್ಯಾನ್ಸರಿನ ವಿಷಯದಲ್ಲಿ ವೈದ್ಯವಿಜ್ಞಾನ ಕಲಿತ ಪಾಠವೂ ಅದೇ. ಶಸ್ತ್ರವೈದ್ಯ, ಮದ್ದಿನ ವೈದ್ಯ, ವಿಕಿರಣದ ವೈದ್ಯ ಮೂವರೂ ಮೊದಲ ಏಟಿಗೆ ಮುನ್ನವೇ ಒಟ್ಟಿಗೆ ಕುಳಿತು, ಯಾವುದು ಮೊದಲು ಯಾವುದು ಅನಂತರವೆಂದು ಗೊತ್ತುಮಾಡಬೇಕು. ಒಬ್ಬರ ಕೈಯಿಂದ ತಪ್ಪಿಸಿಕೊಂಡು ಇನ್ನೊಬ್ಬರ ಬಳಿಗೆ ಓಡುವುದರಿಂದ ರೋಗಿಗೆ ಒಳಿತಿಲ್ಲ. 'ನನ್ನನ್ನು ಮೂವರೂ ಕೂಡಿ ನೋಡಿದ್ದಾರೆಯೆ?' ಎಂದು ಕೇಳುವ ಹಕ್ಕು ರೋಗಿಗಿದೆ.

ಈ ಕ್ಷೇತ್ರದಲ್ಲಿ ಹೊಸ ಗಾಳಿಯೂ ಬೀಸುತ್ತಿದೆ. ದೇಹದ ರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಪೆಂಬ್ರೋಲಿಜುಮ್ಯಾಬ್ ಎಂಬ ಮದ್ದನ್ನು ಶಸ್ತ್ರಕ್ಕೆ ಮುನ್ನ ಎರಡು ಸಲ, ಅನಂತರ ಹಲವು ಸಲ ಕೊಟ್ಟು, ತಲೆ ಕುತ್ತಿಗೆಯ ಕ್ಯಾನ್ಸರಿನ 714 ಮಂದಿಯಲ್ಲಿ ನಡೆಸಿದ ಅಂತಾರಾಷ್ಟ್ರೀಯ ಪರೀಕ್ಷೆಯ ಫಲ 2025ರಲ್ಲಿ ಪ್ರಕಟವಾಗಿದೆ. ರೋಗ ಮರುಕಳಿಸದೆ ಉಳಿಯುವ ಅವಧಿ ಅದರಿಂದ ಹೆಚ್ಚಿತು. ಆದರೆ ಆ ಮದ್ದಿನ ಬೆಲೆ ಲಕ್ಷಗಳ ಲೆಕ್ಕದ್ದು. ಅದೂ ಶಸ್ತ್ರಕ್ಕೆ ಜೊತೆಯೇ ಹೊರತು ಬದಲಿಯಲ್ಲ.

ದಾವಣಗೆರೆಯವರಿಗೆ ಒಂದು ಅನುಕೂಲವುಂಟು. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರು ಅನಂತರ ವಿದ್ಯಾಲಯಗಳ ಊರಾಯಿತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ದಂತ ಕಾಲೇಜು, 1991ರಲ್ಲಿ ಇನ್ನೊಂದು ದಂತ ಕಾಲೇಜು ಇಲ್ಲಿ ಹುಟ್ಟಿದವು. ನಾಲಿಗೆಯ ಹುಣ್ಣನ್ನು ಮೊದಲು ಕಾಣತಕ್ಕವರು ದಂತವೈದ್ಯರೇ. ಹರಿಹರದಿಂದ ಒಂದು ಬಸ್ಸಿನ ದೂರದಲ್ಲಿ ಹುಣ್ಣಿನ ಚೂರು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆ ಆಗುತ್ತದೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಿಂದ ನಡೆದುಬಂದ ಕಿದ್ವಾಯಿ ಸಂಸ್ಥೆಯಿದೆ. ಇತ್ತ ಹುಬ್ಬಳ್ಳಿಯಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಯ ಕೆಳಗಿನ ಸಂಸಾರಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ.

ಶಸ್ತ್ರದ ಅನಂತರ ನಾಲಿಗೆ ಏನಾಗುತ್ತದೆ? ಕೊಯ್ದ ಭಾಗ ದೊಡ್ಡದಾದರೆ ಮುಂಗೈಯಿಂದಲೋ ತೊಡೆಯಿಂದಲೋ ಚರ್ಮವನ್ನು ಅದರ ರಕ್ತನಾಳಸಹಿತ ತಂದು, ಕುತ್ತಿಗೆಯ ನಾಳಗಳಿಗೆ ಹೊಲಿದು, ಹೊಸ ನಾಲಿಗೆಯ ಆಕಾರ ಕೊಡುತ್ತಾರೆ. ಕೆಲವು ದಿನ ಮೂಗಿನ ಕೊಳವೆಯಿಂದ ಗಂಜಿ, ಬಳಿಕ ಬಾಯಿಂದ. ಮಾತಿನ ವಿಷಯದಲ್ಲಿ ಕನ್ನಡ ಅಕ್ಷರಮಾಲೆಯೇ ಒಳ್ಳೆಯ ಅಳತೆಗೋಲು. ಪ, ಬ, ಮ ತುಟಿಯ ಅಕ್ಷರಗಳು; ಅವು ಕೆಡುವುದಿಲ್ಲ. 'ಅಪ್ಪ', 'ಅಮ್ಮ' ಎಂಬ ಮಾತುಗಳು ಮೊದಲ ದಿನಗಳಿಂದಲೇ ಉಳಿಯುತ್ತವೆ. ತ, ದ, ನ, ಲ, ರ, ಸ ಕಷ್ಟ. ನಾಲಿಗೆಯ ತುದಿ ಮಡಿಸಿ ಮೇಲಕ್ಕೆತ್ತಬೇಕಾದ ಣ, ಳ ಇನ್ನೂ ಕಷ್ಟ. ಹರಿಹರದವನಿಗೆ ತನ್ನೂರಿನ ಹೆಸರಿನಲ್ಲಿ ತೊಡಕಾಗುವುದು 'ರ' ಒಂದೇ. ದಾವಣಗೆರೆಯವನು ತನ್ನ ಊರಿನ ಹೆಸರು ಹೇಳಬೇಕಾದರೆ ನಾಲಿಗೆಯ ಮುಂದು, ತುದಿ, ಹಿಂದು ಎಲ್ಲವನ್ನೂ ದುಡಿಸಬೇಕು. ವಾಕ್ ಚಿಕಿತ್ಸಕರ ನೆರವಿನಿಂದ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ತಮ್ಮವರಿಗೆ ತಿಳಿಯುವಂತೆ ಮಾತಾಡಬಲ್ಲರು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಇಂಥ ಚಿಕಿತ್ಸಕರು ಅನೇಕರು ತರಬೇತಾಗಿ ಹೊರಬಂದಿದ್ದಾರೆ. ಗಡ್ಡೆ ಸಣ್ಣದಿದ್ದಾಗಲೇ ಕೊಯ್ದವರಲ್ಲಿ ಮಾತು ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುವುದುಂಟು. ನಾಲಿಗೆಯನ್ನು ಉಳಿಸುವ ನಿಜವಾದ ಉಪಾಯ ಮದ್ದಿನ ಸೀಸೆಯಲ್ಲಿರುವುದಕ್ಕಿಂತ ಹೆಚ್ಚಾಗಿ, ಹುಣ್ಣನ್ನು ಬೇಗ ತೋರಿಸುವುದರಲ್ಲಿದೆ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ನಾಲಿಗೆಯ ಅಂಚಿನ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಒರಟು ಗಂಟು ಎರಡು ವಾರ ಕಳೆದರೂ ಮಾಯದಿದ್ದರೆ, ಹಲ್ಲು ಚುಚ್ಚಿದ್ದೆಂದೋ ಉಷ್ಣವೆಂದೋ ಸಮಾಧಾನ ಮಾಡಿಕೊಳ್ಳದೆ ದಂತವೈದ್ಯರಿಗೆ ತೋರಿಸಬೇಕು. ವಯಸ್ಸು ಇಪ್ಪತ್ತೈದಾದರೂ ತೋರಿಸಬೇಕು. ಜಗಿಯುವ ಚಟವಿಲ್ಲದಿದ್ದರೂ ತೋರಿಸಬೇಕು. ರೋಗವೆಂದೇ ನಿರ್ಧಾರವಾದರೆ, ಮದ್ದು ಮೊದಲೋ ಶಸ್ತ್ರ ಮೊದಲೋ ಎಂಬ ಪ್ರಶ್ನೆಯನ್ನು ಭಯದ ಕೈಗೆ ಕೊಡದೆ, ಗಡ್ಡೆಯನ್ನು ಅಳೆದು ನೋಡಿದ ವೈದ್ಯಮಂಡಲಿಯ ಕೈಗೆ ಕೊಡಬೇಕು. ಮೊದಲು ಮದ್ದೆಂದು ಅವರು ಹೇಳಿದರೆ, ಶಸ್ತ್ರದ ದಿನವನ್ನೂ ಅಂದೇ ಕೇಳಿ ಬರೆದಿಟ್ಟುಕೊಳ್ಳಬೇಕು. ನೋವು ಇಳಿಯಿತೆಂದು ಆ ದಿನವನ್ನು ಮುಂದೆ ಹಾಕಬಾರದು.